ಎಡೆಗೊಂದು ಸಿಹಿನೀರಿನ ಮೀನು

ಫಾಸ್ಟರ್ ಸಿಟಿ, ೨೪-೯-೧೯೯೯

ಅಕ್ಕನಿಗೆ ತಂಗಿಯ ನಮಸ್ಕಾರ.

ಕಾರ್ಡಿನ ಆಚೆ ಬದಿ ಕಾಣುವುದು ನೆವಾಡದ ಮರಳುಗಾಡು. ನಡುವೆ ಇರುವುದು ನೀಲಿ ಸಿಹಿನೀರಿನ ಕೆರೆ. ಮುಂದಿನ ಶನಿವಾರ ಅಲ್ಲಿಗೆ ಮೀನು ಹಿಡಿಯಲು ಹೋಗುತ್ತೇವೆ. ಮೋಜಿಗಲ್ಲ. ಅಪ್ಪ ಇಲ್ಲಿ ನಮ್ಮ ಮನೆಯಲ್ಲೇ ತೀರಿಕೊಂಡ ಮೇಲೆ ಇದು ಮೊದಲ ಪಿತೃಪಕ್ಷ. ಭಾನುವಾರ ಎಡೆ ಇಡಬೇಕು, ಮೀನಿಲ್ಲದೆ ಹೇಗೆ ಇಡಲಿ? ಕಿಟಕಿಯಾಚೆಯೇ ನೀರಿದ್ದರೂ ಅಪ್ಪ, "ಉಪ್ನೀರಿನ್ ಮೀನು ನಂಗ್ ಬ್ಯಾಡ ಕಣವ್ವ" ಎನ್ನುತ್ತಿದ್ದರು. ಅಂಗಡಿಯ ಐಸಿನ ಮೀನನ್ನು ಮೂಸಿ ನೋಡಿ ತಟ್ಟೆ ಸರಿಸಿಬಿಡುತ್ತಿದ್ದರು.

ಇವರ ಆಫೀಸಿನವರೊಬ್ಬರು ಬೋಟು ಕೊಡುತ್ತಾರೆ. ಇಲ್ಲಿ ಗಾಳ ಹಾಕುವುದಕ್ಕೂ ಲೈಸೆನ್ಸು ಬೇಕು, ತೆಗೆದುಕೊಂಡಾಯಿತು. ಇವರಿಗೆ ಗಾಳ ಹಿಡಿದು ಗೊತ್ತಿಲ್ಲ. "ಗಾಳ ಹಾಕೋದ್ ನಾನು, ಮೀನು ಕೊಡೋದು ಮಾವನೋರಿಗೆ ಬಿಟ್ಟಿದ್ದು" ಅನ್ನುತ್ತಾರೆ.

ನನ್ನ ಕೆಮ್ಮು ವಾಸಿಯಾಗಿದೆ, ಯೋಚನೆ ಮಾಡಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಊರಲ್ಲಿ ನೀನೇ ಮುಳ್ಳು ಬಿಡಿಸಿ ತಟ್ಟೆಗೆ ಹಾಕುತ್ತಿದ್ದೆಯಲ್ಲ. ಎಡೆಗೂ ಮುಳ್ಳು ಬಿಡಿಸಿಯೇ ಇಡುತ್ತೇನೆ.

ವನಜಾಕ್ಷಿ