ನೆರಿಗೆ ದಪ್ಪವಾದ ಮಧ್ಯಾಹ್ನ

ಮಾನ್ವಿ ವಿದ್ಯುತ್ ಠಾಣೆ,
ಫೆಬ್ರವರಿ 30, 2311

ತಾಮ್ರದ ಕಪ್ಪು ಹರಳಿಗೆ ಕ್ಷ-ಕಿರಣ ಬಿಟ್ಟು ಕಾಯುತ್ತ ಕೂತಿರುವ, ಮುನ್ನೂರು ವರ್ಷ ಹಿಂದಿನ ವಿಜ್ಞಾನಿ ಹಿರಿಯರಿಗೆ ಹುಲಿಗೆಮ್ಮನ ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಮಾರ್ಚ್, ಮೇ ತಿಂಗಳ ಬಿಸಿಲು ತಾಳಲಾರದೆ ನಮ್ಮ ಅಜ್ಜಂದಿರು ಅವುಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಸೇರಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಏನೋ ಮಾಡಿದೆವೆಂಬ ಸಮಾಧಾನ ಅಷ್ಟೇ. ನನ್ನ ಮಾತುಗಳಲ್ಲೂ ಕೆಲವು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನೀವು ಸೂಪರ್‌ಕಂಡಕ್ಟರ್ ಎನ್ನುವುದು ನಮಗೆ ಹಗುರಹಾಳೆ. ನಿಮ್ಮ ಹರಳುಗಳಿಗೆ ದ್ರವ ಸಾರಜನಕದ ಚಳಿ ಬೇಕು. ನಮ್ಮವು ರಾಯಚೂರು ಸೀಮೆಯ ಬೇಸಿಗೆಯಲ್ಲೂ ಕರೆಂಟನ್ನು ಒಂದಿಷ್ಟೂ ತಡೆಯದೆ ಒಯ್ಯುತ್ತವೆ. ಅದರ ಮೇಲೆಯೇ ನಮ್ಮ ಬದುಕು. ಬಿಸಿಲೇರಿತೆಂದರೆ ಊರಿಗೆ ಊರೇ ನೆಲದಡಿಯ ತಂಪುಪಡಸಾಲೆಗೆ ಇಳಿಯುತ್ತದೆ. ಅಲ್ಲೇ ಶಾಲೆ, ಅಲ್ಲೇ ಸಂತೆ, ಅಲ್ಲೇ ಗಂಡಸರು ರೊಟ್ಟಿ ಬಡಿಯುವುದು, ಅಲ್ಲೇ ಜಗಳ. ಅದನ್ನು ತಂಪಾಗಿಡುವ ಕರೆಂಟು ಹೋಗುವುದು ನಮ್ಮ ಠಾಣೆಯಿಂದ. ಹಾಳೆಗಳ ಕೋಣೆಯೊಳಗೆ ನಿಂತು ಅವುಗಳನ್ನು ಒರೆಸುವ, ಬಿಗಿಯುವ ಕೆಲಸ ನನ್ನ ಮಗಳು ಅಮರಮ್ಮನದು. ಹಾಳೆ ಕೈಕೊಟ್ಟರೆ ಅದರಲ್ಲಿ ಹರಿಯುತ್ತಿದ್ದ ಕರೆಂಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಕಿಯಾಗುತ್ತದೆ. ಆಗ ಒಳಗಿದ್ದವರ ಆಸೆ ಬಿಡಬೇಕು.

ಹೊರಗೆ ಕೂತು ಆ ಹಾಳೆಗಳನ್ನು ಕಾಯುವ ನೆರಿಗೆಗಾರ್ತಿ ನಾನು. ನೀವು ವಿದ್ಯುದಾವೇಶದ ಸಾಂದ್ರತಾ ಅಲೆ ಎಂದು ಬಾಯಿ ತುಂಬ ಕರೆಯುವುದೇ ನಮ್ಮ ನೆರಿಗೆ. ತಾಮ್ರ, ಆಮ್ಲಜನಕದ ಪದರದಲ್ಲಿ ಎಲೆಕ್ಟ್ರಾನುಗಳು ಸಮನಾಗಿ ಹರಡಿಕೊಳ್ಳುವುದನ್ನು ಬಿಟ್ಟು ಒಂದು ಕಡೆ ದಟ್ಟ, ಮುಂದೆ ತೆಳು, ಮತ್ತೆ ದಟ್ಟ, ಹೀಗೆ ಸೀರೆಯ ನೆರಿಗೆಯಂತೆ ಸಾಲುಗಟ್ಟುತ್ತವೆ. ಅಷ್ಟೇ ಆಗಿದ್ದರೆ ಯಾರು ಕೇಳುತ್ತಿದ್ದರು! ಸಾಲುಗಟ್ಟಿದೊಡನೆ ಅವುಗಳ ಓಡಾಟದ ನಕ್ಷೆಯೇ ಬದಲಾಗುತ್ತದೆ. ಯಾವ ವೇಗ, ಯಾವ ದಿಕ್ಕು ಎಂಬ ಲೆಕ್ಕದಲ್ಲಿ ಮೊದಲು ಅವಕ್ಕೆ ಒಂದೇ ದೊಡ್ಡ ಬಯಲಿರುತ್ತದೆ. ನೆರಿಗೆ ಅದನ್ನು ಕತ್ತರಿಸಿ, ತುಂಡುಗಳನ್ನು ಬೇರೆ ರೀತಿ ಹೊಲಿದು, ಪುಟ್ಟ ಅಂಗಳಗಳನ್ನು ಮಾಡಿಬಿಡುತ್ತದೆ. ಜೋಡಿಯಾಗಿ ಸಲೀಸಾಗಿ ಹರಿಯಬೇಕಾದ ಎಲೆಕ್ಟ್ರಾನುಗಳಲ್ಲಿ ಹಲವು ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಹೀಗೆ ಹರಿವಿಗೂ ನೆರಿಗೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದು ಸೊರಗಿದರೆ ಇನ್ನೊಂದು ಕೊಬ್ಬುತ್ತದೆ.

ನೆರಿಗೆಯಿದ್ದರೆ ಹಾಳೆ ಹೊರುವ ಕರೆಂಟು ಕಡಿಮೆ. ಅದಕ್ಕೇ ಊರವರಿಗೆಲ್ಲ ಅದರ ಮೇಲೆ ಸಿಟ್ಟು. ಒತ್ತಿ ಒತ್ತಿ ನೆರಿಗೆಯನ್ನೇ ಅಳಿಸಿದ ಇಸ್ತ್ರಿಹಾಳೆ ತರಿಸಬೇಕೆಂದು ಕೂಗೆದ್ದಿತು. ಆ ಕೂಗಿಗೆ ನನ್ನ ಮಗಳೇ ಮುಂದಾಳು! “ಅವ್ವಾ, ನೀ ನೆರಿಗಿ ನೋಡ್ಕೋಂತ ಕುಂದ್ರು. ಅಷ್ಟೊತ್ತಿಗೆ ಊರ ಮಂದಿ ಸುಟ್ಟ ಬದನೀಕಾಯಿ ಆಗಿರ್ತಾರ” ಎಂದು ಕಾಡುತ್ತಿದ್ದಳು.

ಹೋದ ತಿಂಗಳು ಮಟಮಟ ಮಧ್ಯಾಹ್ನ ಅವಳು ಒಳಗಿದ್ದಾಗ, ನನ್ನ ಪರದೆಯಲ್ಲಿ ಒಂದು ಹಾಳೆಯ ನೆರಿಗೆ ದಪ್ಪವಾಗತೊಡಗಿತು. ಕರೆಂಟಿನ ಮೀಟರಿನಲ್ಲಿ ಎಲ್ಲ ಸರಿಯಿತ್ತು. ಹಾಳೆ ಬಿಸಿಯೂ ಆಗಿರಲಿಲ್ಲ. ಎಲ್ಲ ಬಿಟ್ಟು ಹೊರಗೆ ಬಾ ಎಂದು ಕೂಗಿದೆ.

“ಇನ್ನೊಂದು ಬೋಲ್ಟ್ ಐತಿ, ತಡಿಯವ್ವಾ.”

“ನಿನ್ನ ಬೋಲ್ಟಿಗೆ ಬೆಂಕಿ ಹಚ್ಚಲಿ, ಬಾ ಅಂದ್ರ ಬಾ!”

ಗೊಣಗುತ್ತಲೇ ಬಂದಳು. ಹಿಂದೆ ಬಾಗಿಲು ಹಾಕಿದ್ದಷ್ಟೇ, ಹಾಳೆ ಕೈಕೊಟ್ಟಿತು. ಬಾಗಿಲಿನ ಉಕ್ಕು ಕಾದು ಕೆಂಪಾಯಿತು. ಅಮರಮ್ಮ ನನ್ನ ಸೆರಗು ಹಿಡಿದುಕೊಂಡಳು. ಇಬ್ಬರೂ ಬಹಳ ಹೊತ್ತು ಅತ್ತೆವು.

ನೆರಿಗೆ ಕೊಬ್ಬಿದರೆ ಹರಿವು ಸೋಲುತ್ತಿದೆ ಎಂದು ನನಗೆ ಕಲಿಸಿದವರು ನೀವು. ನಿಮಗೆ ಅದು ದಾರಿಗಡ್ಡವಾದ ವೈರಿ. ವೈರಿಯನ್ನು ಯಾರಾದರೂ ಅಷ್ಟು ಅಕ್ಕರೆಯಿಂದ ಅಳೆಯುತ್ತಾರೆಯೇ! ಹರಳನ್ನು ಚಳಿಗೆ ಇಳಿಸಿ, ಬಲವಾದ ಅಯಸ್ಕಾಂತದ ನಡುವೆ ಇಟ್ಟು, ಗದ್ದಲದಂಥ ಗೆರೆಗಳಲ್ಲಿ ಎದ್ದ ಒಂದು ಸಣ್ಣ ಉಬ್ಬನ್ನು, ನಿಜವೋ ಯಂತ್ರದ ತಪ್ಪೋ ಎಂದು ಮತ್ತೆ ಮತ್ತೆ ನೋಡಿದಿರಿ. ನಿಮ್ಮಲ್ಲೇ ಎಷ್ಟು ವಾದ, ಎಷ್ಟು ಮುನಿಸು! ಆದರೂ ಕಂಡದ್ದನ್ನು ಕಂಡಂತೆ ಬರೆದಿರಿ. ನಿಮ್ಮ ತಾಳ್ಮೆ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ನಾಳೆ ಊರ ಸಭೆ. ಇಸ್ತ್ರಿಹಾಳೆ ಬೇಡ, ನೆರಿಗೆ ಒಂದಿಷ್ಟಾದರೂ ಇರಲಿ ಎಂದು ವಾದಿಸಲು ಈಗ ಅಮರಮ್ಮನೇ ನಿಂತಿದ್ದಾಳೆ. ಅವಳು ಓದಿ ತೋರಿಸುವುದು ನಿಮ್ಮ ಅಳತೆಗಳನ್ನೇ. ಸೋತು ಇಸ್ತ್ರಿಹಾಳೆ ಬಂದರೂ ಅವಳು ಒಳಗೆ ಹೋಗಲೇಬೇಕು, ಆದರೆ ನೆರಿಗೆಯೇ ಇಲ್ಲದ ಹಾಳೆಯಲ್ಲಿ ನನಗೆ ಮುಂಚಿತವಾಗಿ ಏನೂ ಕಾಣುವುದಿಲ್ಲ. ಆದ್ದರಿಂದ ಕೈಮುಗಿದು ಕೇಳುತ್ತೇನೆ, ಇಂದು ನಿಮ್ಮ ಮುಂದಿರುವ ಅಳತೆಯನ್ನು ಸಾಕೆಂದು ಕೈಬಿಡಬೇಡಿ. ಇಷ್ಟು ಸಣ್ಣದನ್ನು ಹಿಡಿದುಕೊಂಡು ಯಾರಿಗೆ ಏನು ಉಪಯೋಗ ಎಂದು ಯಾರಾದರೂ ಕೇಳಿದರೆ, ಹುಲಿಗೆಮ್ಮನ ಮಗಳು ಬದುಕಿದ್ದಾಳೆ ಎಂದು ಹೇಳಿ.