ಅತ್ತೆ ಬಿಟ್ಟ ಕಾಫಿ

ಬಾಕ್ಸ್ ಹಿಲ್, ಮೆಲ್ಬರ್ನ್
9 ಮಾರ್ಚ್ 2008

ಅತ್ತೆಯವರಿಗೆ ನಮಸ್ಕಾರಗಳು.

ಈ ವಿಷಯವನ್ನು ನಿಮ್ಮ ಮಗನೇ ಫೋನಿನಲ್ಲಿ ಹೇಳುತ್ತೇನೆ ಅಂದಿದ್ದರು. ನಾಲ್ಕು ಭಾನುವಾರವೂ ಇಲ್ಲಿನ ಸೆಕೆಯ ಬಗ್ಗೆ ಮಾತಾಡಿ ಫೋನ್ ಇಟ್ಟುಬಿಟ್ಟರು. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಮೊಮ್ಮಗುವಿನ ಮುಖ ನೋಡುವವರೆಗೆ ಕಾಫಿ ಮುಟ್ಟುವುದಿಲ್ಲ ಅಂತ ನೀವು ಹರಕೆ ಹೊತ್ತು ಆರು ವರ್ಷವಾಯಿತು. ನಾವು ಮೊದಲು ಇಲ್ಲೇ ನೆಲೆಸಲು ಪಿಆರ್ ಬರಲಿ ಅಂದೆವು, ಬಂತು. ಸ್ವಂತ ಮನೆಯಾಗಲಿ ಅಂದೆವು, ಅದೂ ಆಯಿತು. ಆಮೇಲೆ ಒಬ್ಬರ ಸಂಬಳದಲ್ಲಿ ಮನೆಸಾಲದ ಕಂತು ಕಟ್ಟುವುದು ಹೇಗೆ ಅಂದೆವು. ಕಳೆದ ತಿಂಗಳು ಇವರ ಸಂಬಳ ಹೆಚ್ಚಾಯಿತು. ಸಂತೋಷಪಡುವ ಬದಲು, ಇನ್ನು ಹೇಳಲು ನೆಪವಿಲ್ಲವಲ್ಲ ಅಂತ ಚಿಂತೆಗೆ ಬಿದ್ದೆ. ಅವತ್ತೇ ಧೈರ್ಯ ಮಾಡಿ, ನನಗೆ ಮಗು ಬೇಡ ಅಂದೆ. ಇವರು ಕೈಲಿದ್ದ ತಟ್ಟೆ ಕೆಳಗಿಟ್ಟು, "ನಂಗೂ ಬೇಡ ಕಣೆ. ನಿಂಗೆ ಬೇಕೇನೋ ಅಂತ ಸುಮ್ಮನಿದ್ದೆ" ಅಂದರು. ನಾವಿಬ್ಬರೂ ನಕ್ಕಿದ್ದು ನೋಡಿದ್ದರೆ ನೀವು ದೃಷ್ಟಿ ತೆಗೆಯುತ್ತಿದ್ದಿರಿ.

ಡಾಕ್ಟರಿಗೆ ತೋರಿಸುವಂಥದ್ದೇನೂ ಇಲ್ಲ, ಗಾಬರಿಯಾಗಬೇಡಿ. ನೆಂಟರು ಕೇಳಿದರೆ ಸೊಸೆ ಒಪ್ಪಲಿಲ್ಲ ಅನ್ನಿ, ನನಗೆ ಬೇಜಾರಿಲ್ಲ.

ಒಂದೇ ಕೋರಿಕೆ. ಆರು ವರ್ಷದಿಂದ ನಾನು ಬೆಳಗಿನ ಕಾಫಿ ಕುಡಿಯುವಾಗ, ಮದುವೆ ಫೋಟೋದಲ್ಲಿರುವ ನಿಮಗೆ ಬೆನ್ನು ಹಾಕಿ ಕೂರುತ್ತಿದ್ದೇನೆ. ದಯವಿಟ್ಟು ಹರಕೆ ಬಿಡಿ. ದೋಷವೇನಾದರೂ ಇದ್ದರೆ ನನಗೆ ತಟ್ಟಲಿ.

ಈ ಪತ್ರ ತಲುಪಲಿ ಅಂತ ಎರಡು ವಾರ ಬಿಟ್ಟು, ಭಾನುವಾರ ನಾನೇ ಫೋನ್ ಮಾಡುತ್ತೇನೆ. ಬೈಯುವುದಿದ್ದರೆ ಕಾಫಿ ಕುಡಿದು ಬೈಯಿರಿ.

ನಿಮ್ಮ ಸೊಸೆ
ಸಂಯುಕ್ತಾ