ವೆರೀನಾಳ ಅರ್ಜಿಯ ಪ್ರಬಂಧ

ಅಕ್ಟೋಬರ್ ೩೦, ಗುರುವಾರ. ಜರ್ಸಿ ಸಿಟಿ.

ಪದವಿಯೂ ವೈದ್ಯಕೀಯವೂ ಸೇರಿದ ಏಳು ವರ್ಷದ ಸೀಟಿಗೆ ಅರ್ಜಿ ಹಾಕಲು ನಾಡಿದ್ದೇ ಕೊನೆ. ಮೊಮ್ಮಗಳು ವೆರೀನಾ ಪ್ರಬಂಧದಲ್ಲಿ ಪಾರಿವಾಳ ಸಾಕಿದ್ದನ್ನು ಬರೆದಿದ್ದಳು. ನಿನ್ನೆ ನಾನೇ ಅದನ್ನು ಹರಿದು ಹಾಕಿದೆ.

"ಸತ್ತ ಅಮ್ಮನ ಬಗ್ಗೆ ಬರಿ. ಓದಿದೋರು ಅತ್ರೆ ತಾನೇ ಸೀಟು ಕೊಡೋದು?"

"ಅದು ಮಾರೋಕಲ್ಲ, ಅಜ್ಜಿ."

"ನಿಮ್ಮಮ್ಮ ನಿಂಗೆ ಬಿಟ್ಟುಹೋದ ಆಸ್ತಿ ಅದೊಂದೇ ಕಣೇ."

ಇವತ್ತು ಬರೆದು ತಂದು, ಊಟದ ಮೇಜಿನಲ್ಲೇ ನನಗೆ ತಿಳಿಯಲೆಂದು ನಮ್ಮ ಮನೆಮಾತು ಅರಬ್ಬಿಗೆ ತಿರುಗಿಸಿ ಓದಿದಳು. ಅವಳಮ್ಮ, ನನ್ನ ಮಗಳು, ನನಗೆ ಎದೆಯ ಗಂಟು ತೋರಿಸಿದ್ದು. "ಚರ್ಚಿನ ಎಣ್ಣೆ ಹಚ್ಕೋ, ಡಂಗುರ ಹೊಡೀಬೇಡ, ನಿನ್ ತಂಗಿಗೆ ಗಂಡು ನೋಡ್ತಿದೀವಿ" ಎಂದು ನಾನು ಬಾಯಿ ಮುಚ್ಚಿಸಿದ್ದು. ಡಾಕ್ಟರಿಗೆ ತೋರಿಸದೆ ಹಾಗೇ ಎಂಟು ತಿಂಗಳು ಕಳೆದದ್ದು.

"ಕಳಿಸ್ಲಾ ಅಜ್ಜಿ?" ಕಣ್ಣು ಮಿಟುಕಿಸದೆ ಕೇಳಿದಳು.

ಚೆನ್ನಾಗಿ ಬರೆದಿದ್ದಾಳೆ. ಸೀಟು ಸಿಗುತ್ತದೆ.

"ಎಂಟಲ್ಲ, ಒಂಬತ್ತು ತಿಂಗಳು. ತಿದ್ದಿ ಕಳಿಸು" ಎಂದೆ.